ಕ್ರ್ಯಾಂಕಿನ ಕಥೆ

ನಮ್ಮ ಮನೆಯ ಷೋಕೇಸಿನಲ್ಲಿ ಬೊಂಬೆಗಳ ನಡುವೆ ಎರಡು ಕಬ್ಬಿಣದಂಗಡಿ ಸಾಮಾನುಗಳಿವೆ. ಒಂದು, ಕಿರುಬೆರಳಿಗಿಂತ ತುಸು ಸಪೂರವಾದ, ಒಂದು ಮಗ್ಗುಲು ತೇಯ್ದುಹೋದ ಉಕ್ಕಿನ ಪಿನ್ನು. ಇನ್ನೊಂದು, ತುದಿಯಲ್ಲಿ ತೂತಿರುವ, ಅಂಗೈಯೊಳಗೆ ಅಡಗಿಹೋಗುವ ಅಲ್ಯೂಮಿನಿಯಂ ತುಂಡು. ಅರಿಶಿನ ಕುಂಕುಮಕ್ಕೆ ಬಂದ ನೆರೆಯವರು "ಇದೇನ್ರೀ ಟೀಚರ್, ಗುಜರಿ ಸಾಮಾನನ್ನೆಲ್ಲ ಗಾಜಿನೊಳಗೆ ಇಟ್ಟಿದ್ದೀರಿ?" ಎಂದು ನಗುತ್ತಾರೆ. ಪಿನ್ನು ನನ್ನದು, ತುಂಡು ಮಗಳದ್ದು ಎನ್ನುತ್ತೇನೆ. ಎರಡೂ ಸೈಕಲ್ಲಿನ ಕ್ರ್ಯಾಂಕಿಗೆ ಸಂಬಂಧಪಟ್ಟವು, ಎರಡೂ ನಮ್ಮನ್ನು ನೆಲಕ್ಕೆ ಕೆಡವಿದವು. ಎರಡರ ನಡುವೆ ಸುಮಾರು ನಲವತ್ತು ವರ್ಷಗಳ ಅಂತರ.

ಕ್ರ್ಯಾಂಕು ಎಂದರೆ ಯಾವುದು ಎಂದು ಕೇಳುವವರಿಗೆ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ ಎನ್ನುತ್ತೇನೆ. ಮೇಲಿನ ಕಲ್ಲಿನ ಅಂಚಿನಲ್ಲಿ ಒಂದು ಗೂಟ ಇರುತ್ತದಲ್ಲ, ಅದನ್ನು ಹಿಡಿದು ತಿರುಗಿಸಿದರೆ ನಡುವಿನ ಗೂಟದ ಸುತ್ತ ಕಲ್ಲು ತಿರುಗುತ್ತದೆ. ಹಿಡಿಯುವ ಗೂಟ ನಡುವಿನಿಂದ ದೂರ ಇದ್ದಷ್ಟೂ ತಿರುಗಿಸುವುದು ಹಗುರ. ಸೈಕಲ್ಲಿನಲ್ಲಿ ನಾವು ಆ ಕೆಲಸವನ್ನು ಕಾಲಿನಿಂದ ಮಾಡುತ್ತೇವೆ. ಪೆಡಲು ಎಂದರೆ ಹಿಡಿಯುವ ಗೂಟ. ಪೆಡಲಿನಿಂದ ನಡುವಿನ ಆಕ್ಸಲ್ಲಿನವರೆಗೆ ಬರುವ ಗೇಣುದ್ದದ ಕೈ ಇದೆಯಲ್ಲ, ಅದೇ ಕ್ರ್ಯಾಂಕು. ಬಲಗಡೆಯ ಕ್ರ್ಯಾಂಕಿಗೆ ಹಲ್ಲಿನ ಚಕ್ರ ಅಂಟಿಕೊಂಡಿರುತ್ತದೆ, ಚೈನು ಅದರ ಮೇಲೆ ಓಡುತ್ತದೆ. ಎಡಗಡೆಯದು ಒಂಟಿ. ಸೈಕಲ್ಲು ನೋಡುವಾಗ ಎಲ್ಲರೂ ಬಣ್ಣ ನೋಡುತ್ತಾರೆ, ಬೆಲ್ಲು ಬಾರಿಸಿ ನೋಡುತ್ತಾರೆ, ಬುಟ್ಟಿ ಇದೆಯೇ ಎಂದು ಕೇಳುತ್ತಾರೆ. ಕ್ರ್ಯಾಂಕನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ಅಪ್ಪ ಶಿರಸಿಯ ಪೇಟೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲೇಡೀಸ್ ಸೈಕಲ್ಲು ಕೊಡಿಸಿದ್ದರು. ಅದುವರೆಗೆ ಅಣ್ಣನ ಸೈಕಲ್ಲಿನಲ್ಲಿ ಲಂಗ ಎತ್ತಿ ಕಟ್ಟಿಕೊಂಡು ಒಳಪೆಡಲು ಹೊಡೆದು ಕಲಿತವಳು ನಾನು. ಹೊಸ ಸೈಕಲ್ಲು, ಅಂದರೆ ನನ್ನ ಪಾಲಿಗೆ ಹೊಸದು, ಮಳೆಗಾಲ ಕಳೆಯುವ ಹೊತ್ತಿಗೆ ಎಡಗಾಲು ಕೆಳಗಿಳಿದಾಗಲೆಲ್ಲ 'ಟಕ್' ಎನ್ನತೊಡಗಿತು. ಒಂದು ಸುತ್ತಿಗೆ ಒಂದು ಟಕ್. ನಾನು ಆ ತಾಳಕ್ಕೆ ಮಗ್ಗಿ ಹೇಳಿಕೊಳ್ಳುತ್ತ ಹೋಗುತ್ತಿದ್ದೆನೇ ಹೊರತು ಅದೇನೆಂದು ವಿಚಾರಿಸಲಿಲ್ಲ. ಮೂರು ತಿಂಗಳು ಅದು ಹೇಳುತ್ತಲೇ ಇತ್ತು. ಕಡೆಗೆ ಪೂರ್ವಸಿದ್ಧತಾ ಪರೀಕ್ಷೆಯ ದಿನ ಏರಿನಲ್ಲಿ ಎದ್ದು ನಿಂತು ತುಳಿದಾಗ ಎಡ ಕ್ರ್ಯಾಂಕು ಲೊಡಕ್ಕೆಂದು ಅರ್ಧ ಸುತ್ತು ಜಾರಿತು. ಮೊಣಕಾಲು ಕೆತ್ತಿಹೋಗಿ, ಜಾಮಿಟ್ರಿ ಬಾಕ್ಸು ಗಟಾರಕ್ಕೆ ಬಿದ್ದು, ನಾನು ಅಳುತ್ತ ಸೈಕಲ್ಲು ತಳ್ಳಿಕೊಂಡು ಸಾಬರ ಸೈಕಲ್ ಶಾಪಿಗೆ ಹೋದೆ.

ಸಾಬರು ಬೈಯಲಿಲ್ಲ. "ತಂಗಿ, ಇದು ಕಾಟರ್ ಪಿನ್ನು. ಇಷ್ಟು ದಿನ ಕೂಗ್ತಾ ಇತ್ತಲ್ಲ, ಕೇಳ್ಲಿಲ್ವಾ?" ಎಂದರು. ಹಳೇ ಪಿನ್ನನ್ನು ಸುತ್ತಿಗೆಯಿಂದ ಎರಡೇಟಿಗೆ ಉದುರಿಸಿ, ಹೊಸದನ್ನು ಅರದಿಂದ ಉಜ್ಜಿ, ಆಕ್ಸಲ್ಲಿನ ಗಾಡಿಗೆ ಕೂರುವಂತೆ ಹದ ಮಾಡಿ ಹೊಡೆದು ನಟ್ಟು ಬಿಗಿದರು. ಐದು ನಿಮಿಷ, ಐವತ್ತು ಪೈಸೆಯೋ ಒಂದು ರೂಪಾಯಿಯೋ. ಹಳೇ ಪಿನ್ನನ್ನು ನನ್ನ ಕೈಗೆ ಕೊಟ್ಟು, "ಇದು ಸವೀಬೇಕು ಅಂತಲೇ ಮಾಡಿದ್ದು. ಇದು ಸವೆದ್ರೆ ಕ್ರ್ಯಾಂಕು ಉಳೀತದೆ" ಎಂದರು. ಪರೀಕ್ಷೆಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ. ಪಿನ್ನು ಮಾತ್ರ ಕಂಪಾಸ್ ಪೆಟ್ಟಿಗೆಯಲ್ಲಿ ಉಳಿದು, ಕಾಲೇಜಿಗೆ ಬಂದು, ಮದುವೆಯಾಗಿ ಈ ಮನೆಗೂ ಬಂತು.

ಇನ್ನು ಆ ತುಂಡಿನ ವಿಷಯ. ಮಗಳು 2020ರಲ್ಲಿ ಕೊರೋನಾ ಕಾಲಕ್ಕೆ ಬೆಂಗಳೂರಿನಿಂದ ಮನೆಗೆ ಬಂದವಳು ಇಲ್ಲಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಇಡೀ ವಾರ ಕುರ್ಚಿಯಲ್ಲಿ ಕೂತವಳಿಗೆ ಭಾನುವಾರ ಕಾಡು ಸುತ್ತುವ ಹುಚ್ಚು. ಯಾರಿಂದಲೋ ಒಂದು ಹಳೆಯ ಮೌಂಟನ್ ಬೈಕು ಕೊಂಡಳು. ದಪ್ಪ ಟಯರು, ಮುಂದೆ ಸ್ಪ್ರಿಂಗಿನ ಫೋರ್ಕು, ಮಡ್‌ಗಾರ್ಡಿಲ್ಲ, ಬೆಲ್ಲಿಲ್ಲ, ಸ್ಟ್ಯಾಂಡೂ ಇಲ್ಲ. 2023ರ ಮಳೆಗಾಲ ಮುಗಿಯುವ ಹೊತ್ತಿಗೆ ಬನವಾಸಿ ರಸ್ತೆಯಿಂದ ಒಳಗೆ ಹೋಗುವ ಒಂದು ಮಣ್ಣುದಾರಿಯ ಇಳಿಜಾರಿನಲ್ಲಿ, ಎರಡೂ ಪೆಡಲಿನ ಮೇಲೆ ನಿಂತು ಬರುತ್ತಿದ್ದಾಗ, ಎಡ ಕ್ರ್ಯಾಂಕು ಪೆಡಲಿನ ಬುಡಕ್ಕೇ ಕತ್ತರಿಸಿಕೊಂಡು ಬಿತ್ತು. ಅವಳೂ ಬಿದ್ದಳು. ಹೆಗಲ ಮೂಳೆ ಮುರಿಯಿತು. ತಲೆಗೆ ಹೆಲ್ಮೆಟ್ಟು ಇತ್ತು, ದೇವರು ದೊಡ್ಡವನು.

ಆರು ವಾರ ಕೈಗೆ ಜೋಳಿಗೆ ಕಟ್ಟಿಕೊಂಡು ಕೂತವಳಿಗೆ ತಲೆ ಬಾಚಿ ಜಡೆ ಹಾಕುವ ಕೆಲಸ ನನ್ನದಾಯಿತು. ಸೈಕಲ್ಲನ್ನು ಮಾರಿಬಿಡುವುದೆಂದು ನಾನು ತೀರ್ಮಾನಿಸಿದ್ದೆ. ಅವಳು ಒಪ್ಪಲಿಲ್ಲ. "ಅಮ್ಮ, ನೀನು ಬಿದ್ದಾಗ ಅಜ್ಜ ಸೈಕಲ್ಲು ಮಾರಿದ್ರಾ?" ಎಂದು ಕೇಳಿದಳು. ಇಲ್ಲ, ಮಾರಿರಲಿಲ್ಲ. ಅಪ್ಪ ಮಾರಿದ್ದರೆ ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಅನುಮಾನ. ಕಡೆಗೆ ಒಂದು ಒಪ್ಪಂದಕ್ಕೆ ಬಂದೆವು. ಮುರಿಯದ ಕ್ರ್ಯಾಂಕು ಯಾವುದೆಂದು ಅವಳು ನನಗೆ ಮನವರಿಕೆ ಮಾಡಿಕೊಟ್ಟರೆ ದುಡ್ಡು ನನ್ನದು. ಸಮಾಜ ವಿಜ್ಞಾನ ಪಾಠ ಮಾಡುವವಳಿಗೆ ಮನವರಿಕೆ ಮಾಡುವುದೆಂದರೆ ಮೊದಲಿನಿಂದ ಹೇಳಬೇಕು. ಹಾಗಾಗಿ ನಾವಿಬ್ಬರೂ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು.

1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರದ ಮರದ ಗಾಡಿಯೊಂದನ್ನು ಓಡಿಸಿ ತೋರಿಸಿದ. ಅದಕ್ಕೆ ಪೆಡಲೂ ಇರಲಿಲ್ಲ, ಕ್ರ್ಯಾಂಕೂ ಇರಲಿಲ್ಲ. ಮೇಲೆ ಕೂತು ಕಾಲಿನಿಂದ ನೆಲವನ್ನು ಒದ್ದು ಮುಂದೆ ಹೋಗಬೇಕು, ನಮ್ಮ ಮಕ್ಕಳು ಮೂರು ಗಾಲಿಯ ಗಾಡಿಯನ್ನು ಒದೆಯುವಂತೆ. ಬೀಸುವ ಕಲ್ಲಿನ ಗೂಟ ಲೋಕಕ್ಕೆಲ್ಲ ಗೊತ್ತಿದ್ದರೂ ಅದನ್ನು ಈ ಗಾಡಿಗೆ ಇಡಬಹುದೆಂದು ಹೊಳೆಯಲು ಮತ್ತೆ ನಲವತ್ತು ಐವತ್ತು ವರ್ಷ ಬೇಕಾಯಿತು. 1860ರ ದಶಕದಲ್ಲಿ ಪ್ಯಾರಿಸಿನ ಪಿಯೆರ್ ಮಿಷೋ ಎಂಬ ಕಮ್ಮಾರನ ಕಾರ್ಖಾನೆಯಲ್ಲಿ ಮುಂದಿನ ಗಾಲಿಯ ನಡುವಿಗೇ ಕ್ರ್ಯಾಂಕು ಮತ್ತು ಪೆಡಲು ಕೂರಿಸಿದ ಗಾಡಿಗಳು ತಯಾರಾದವು. ಅದೇ ಕಾಲದ ಇನ್ನೊಬ್ಬ ಫ್ರೆಂಚಿನವ ಪಿಯೆರ್ ಲಾಲ್‌ಮಾಂ ಅಮೆರಿಕಕ್ಕೆ ಹೋಗಿ 1866ರಲ್ಲಿ ಇದಕ್ಕೆ ಪೇಟೆಂಟು ಪಡೆದ. ಯಾರು ಮೊದಲು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಅದು ನಮಗೆ ಬೇಡ.

ಗಾಲಿಯ ನಡುವಿಗೇ ಕ್ರ್ಯಾಂಕು ಇಟ್ಟರೆ ಒಂದು ತೊಂದರೆ. ಕಾಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ಬೇಗ ಹೋಗಬೇಕೆಂದರೆ ಗಾಲಿ ದೊಡ್ಡದಾಗಬೇಕು. ಹೀಗೆ ದೊಡ್ಡದಾಗುತ್ತ ಆಗುತ್ತ ಆಳೆತ್ತರದ ಮುಂಗಾಲಿ, ಬಾಲದಂಥ ಹಿಂಗಾಲಿಯ ಸೈಕಲ್ಲು ಬಂತು. ಸರ್ಕಸ್ಸಿನ ಚಿತ್ರಗಳಲ್ಲಿ ನೋಡಿರುತ್ತೀರಿ. ನೆಲ ಗುಡಿಸುವ ಉಡುಪು ತೊಟ್ಟ ಆ ಕಾಲದ ಹೆಂಗಸರು ಅದನ್ನು ಹತ್ತುವಂತೆಯೇ ಇರಲಿಲ್ಲ, ಅವರಿಗೆ ಮೂರು ಗಾಲಿಯದೇ ಗತಿ. ವಿಕ್ಟೋರಿಯಾ ರಾಣಿಯೇ 1881ರಲ್ಲಿ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿಯ ಮೂರು ಗಾಲಿಯ ಸೈಕಲ್ಲು ತರಿಸಿಕೊಂಡಿದ್ದಳು. ಅದೇ ಊರಿನಲ್ಲಿ ಅವನ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಎಂಬ ಸೈಕಲ್ಲು ಹೊರತಂದ. ಎರಡು ಗಾಲಿ ಹೆಚ್ಚುಕಡಿಮೆ ಸಮ, ಕ್ರ್ಯಾಂಕು ಎರಡು ಗಾಲಿಗಳ ನಡುವೆ ಕೆಳಗೆ, ಅಲ್ಲಿಂದ ಹಿಂದಿನ ಗಾಲಿಗೆ ಚೈನು. ನಾವೆಲ್ಲ ತುಳಿದ ಸೈಕಲ್ಲಿನ ಮೂಲಪುರುಷ ಅದೇ.

ಕ್ರ್ಯಾಂಕು ನಡುವಿಗೆ ಬಂದದ್ದೇ ಬಂದದ್ದು, ಒಂದು ಹಳೆಯ ಸಮಸ್ಯೆ ಎಲ್ಲರ ಕಾಲ ಬುಡಕ್ಕೂ ಬಂತು. ಆಕ್ಸಲ್ಲು ಫ್ರೇಮಿನ ಕೊಳವೆಯೊಳಗೆ, ಬಾಲ್ಸುಗಳ ಮೇಲೆ, ಇತ್ತಲಿಂದ ಅತ್ತ ಹಾದುಹೋಗಬೇಕು. ಹಾದುಹೋದ ಮೇಲೆ ಎರಡು ತುದಿಗೂ ಕೈಗಳನ್ನು ಕೂಡಿಸಬೇಕು. ಕೂಡಿಸಿದ್ದು ಬಿಗಿಯಾಗಿರಬೇಕು, ಬೇಕೆಂದಾಗ ಬಿಚ್ಚಲೂ ಬರಬೇಕು. ಮಗಳ ಪುಸ್ತಕಗಳನ್ನೂ ಚಿತ್ರಗಳನ್ನೂ ನೋಡುತ್ತ ನನಗೆ ಅನ್ನಿಸಿದ್ದು ಇದು: ಈ ಒಂದೂಕಾಲು ಶತಮಾನದಲ್ಲಿ ಕ್ರ್ಯಾಂಕು ಮಾಡುವವರು ತಲೆ ಕೆಡಿಸಿಕೊಂಡದ್ದೆಲ್ಲ ಕೈಯ ಬಗ್ಗೆ ಅಲ್ಲ, ಕೀಲಿನ ಬಗ್ಗೆ.

ಮೊದಲ ಉತ್ತರ ನನ್ನ ಕಾಟರ್ ಪಿನ್ನು. ಉಕ್ಕಿನ ಕ್ರ್ಯಾಂಕಿಗೆ ಅಡ್ಡಲಾಗಿ ಒಂದು ತೂತು, ಆಕ್ಸಲ್ಲಿನ ಮೇಲೆ ಒಂದು ಗಾಡಿ, ಎರಡನ್ನೂ ಕೂಡಿಸಿ ಬೆಣೆ ಹೊಡೆದಂತೆ ಒಂದು ಪಿನ್ನು. ಒನಕೆಗೋ ಗುದ್ದಲಿಗೋ ಬೆಣೆ ಹೊಡೆಯುವ ಬುದ್ಧಿಯೇ ಇದೂ. ಸ್ವಾತಂತ್ರ್ಯದ ನಂತರ ನಮ್ಮ ದೇಶದಲ್ಲಿ ಸೈಕಲ್ ಕಾರ್ಖಾನೆಗಳು ಎದ್ದವಲ್ಲ, ಅಸನ್ಸೋಲಿನಲ್ಲಿ ಸೆನ್ ರ‍್ಯಾಲಿ, ಮದರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ಮಾಡುವ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ, ಅವೆಲ್ಲ ಇಂಗ್ಲೆಂಡಿನ ದೊಡ್ಡ ಕರೀ ಸೈಕಲ್ಲನ್ನೇ ಮಾಡಿದವು. ಅದರೊಂದಿಗೆ ಕಾಟರ್ ಪಿನ್ನೂ ಬಂತು. ಹಾಲಿನ ಕ್ಯಾನು, ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರು, ಹಿಂದೆ ಹೆಂಡತಿ, ಮುಂದೆ ಮಗು, ಇಷ್ಟನ್ನೂ ಹೊತ್ತ ಸೈಕಲ್ಲುಗಳ ಕ್ರ್ಯಾಂಕು ಮುರಿದದ್ದನ್ನು ನಾನು ಕಂಡಿಲ್ಲ. ಬಾಗಿದ್ದನ್ನು ಕಂಡಿದ್ದೇನೆ. ಬಾಗಿದರೆ ಸಾಬರು ಪೈಪು ತೂರಿಸಿ ನೆಟ್ಟಗೆ ಮಾಡುತ್ತಿದ್ದರು.

ಅಮೆರಿಕದವರ ಉತ್ತರ ಇನ್ನೂ ಸರಳ. ಕೀಲೇ ತಾಪತ್ರಯವಾದರೆ ಕೀಲೇ ಇಲ್ಲದಿದ್ದರೆ? ಎಡಗೈ, ಆಕ್ಸಲ್ಲು, ಬಲಗೈ ಮೂರನ್ನೂ ಒಂದೇ ಉಕ್ಕಿನ ಸರಳಿನಲ್ಲಿ ಬಗ್ಗಿಸಿ ಬಡಿದು ಮಾಡಿದರು. ಒಹಾಯೋ ರಾಜ್ಯದ ಆಷ್ಟಬ್ಯೂಲ ಎಂಬ ಊರಿನ ಕಾರ್ಖಾನೆ ಇದಕ್ಕೆ ಹೆಸರಾಗಿ, ಆ ನಮೂನೆಯ ಕ್ರ್ಯಾಂಕಿಗೇ ಊರಿನ ಹೆಸರು ಅಂಟಿಕೊಂಡಿತು. ಭಾರ ಬಹಳ. ಆದರೆ ಪೇಪರು ಹಾಕುವ ಹುಡುಗರು ಎಸೆದು ಬಿಸಾಡಿದರೂ ಅದಕ್ಕೇನೂ ಆಗುತ್ತಿರಲಿಲ್ಲ.

ಮೂರನೆಯ ಉತ್ತರ ಫ್ರಾನ್ಸಿನದು. ಸ್ಟ್ರಾಂಗ್‌ಲೈಟ್ ಎಂಬ ಕಂಪನಿ 1933ರಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಕ್ರ್ಯಾಂಕನ್ನು ತಂದಿತು. ಪಿನ್ನಿಲ್ಲ. ಆಕ್ಸಲ್ಲಿನ ತುದಿ ಚೌಕ, ತುದಿಗೆ ಹೋದಂತೆ ಸಪೂರ. ಕ್ರ್ಯಾಂಕಿನ ಕಣ್ಣೂ ಚೌಕ. ಒಳಗೆ ತಳ್ಳಿ ನಡುವೆ ಬೋಲ್ಟು ಬಿಗಿದರೆ ಕಚ್ಚಿ ಕೂರುತ್ತದೆ. ಹಗುರ, ಅಂದ, ಹೊಳಪು. ಆದರೆ ಈ ಕೀಲು ಒಂದು ಬಗೆಯಲ್ಲಿ ಮಾನವಂತ ಹೆಣ್ಣಿನಂತೆ, ಒಮ್ಮೆ ಸಡಿಲ ಬಿಟ್ಟರೆ ಮತ್ತೆ ಹೊಂದಿಕೊಳ್ಳುವುದಿಲ್ಲ. ಬೋಲ್ಟು ಸಡಿಲವಾಗಿದ್ದಾಗ ನಾಲ್ಕು ಮೈಲಿ ತುಳಿದರೆ ಗಟ್ಟಿ ಉಕ್ಕಿನ ಚೌಕ ಮೆದು ಅಲ್ಯೂಮಿನಿಯಂ ಕಣ್ಣನ್ನು ಅಗೆದು ದುಂಡಗೆ ಮಾಡಿಬಿಡುತ್ತದೆ. ಆಮೇಲೆ ಎಷ್ಟು ಬಿಗಿದರೂ ವ್ಯರ್ಥ. ಸಾಬರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಸವೆಯುವುದು ಒಂದು ರೂಪಾಯಿಯ ಪಿನ್ನಲ್ಲ, ಕ್ರ್ಯಾಂಕೇ.

ಇಷ್ಟರಲ್ಲಿ ಮಗಳ ಸಹನೆ ತಪ್ಪಿತ್ತು. "ಅಮ್ಮ, ಮೌಂಟನ್ ಬೈಕಿಗೆ ಬಾ" ಎಂದಳು. ಬಂದೆ.

ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಮರೀನ್ ಎಂಬ ಜಿಲ್ಲೆ, ಟಮಲ್ಪಾಯಿಸ್ ಎಂಬ ಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಹುಡುಗರು ಗುಜರಿಯಿಂದ ಶ್ವಿನ್ ಕಂಪನಿಯ ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಹೆಕ್ಕಿ ತಂದು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಬಿಡತೊಡಗಿದರು. ಒಂದೊಂದೂ ಇಪ್ಪತ್ತು ಕೆ.ಜಿ. ಮೇಲೆ. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಮೊದಲ ಪಂದ್ಯ ನಡೆಯಿತು. ಸುಮಾರು ಎರಡು ಮೈಲಿಯಲ್ಲಿ ಸಾವಿರದ ಮುನ್ನೂರು ಅಡಿ ಇಳಿಜಾರು. ಹಿಂದಿನ ಗಾಲಿಯ ಬ್ರೇಕು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತಂತೆ. ಪ್ರತಿ ಸಲ ಹೊಸ ಗ್ರೀಸು ತುಂಬಬೇಕಾದ್ದರಿಂದ ದಾರಿಗೇ ರೀಪ್ಯಾಕ್ ಎಂದು ಹೆಸರಾಯಿತು. ಆ ಗುಂಪಿನಲ್ಲಿ ಒಬ್ಬಳು ಹೆಂಗಸೂ ಇದ್ದಳು ಎಂದು ಓದಿ ನಾನು ಕನ್ನಡಕ ಸರಿಮಾಡಿಕೊಂಡೆ. ವೆಂಡಿ ಕ್ರ್ಯಾಗ್ ಎಂದು ಅವಳ ಹೆಸರು. ಕುತ್ತಿಗೆಗೆ ಕ್ಯಾಮರಾ ತೂಗಿಕೊಂಡು ಅದೇ ಇಳಿಜಾರಿನಲ್ಲಿ ಇಳಿಯುತ್ತಿದ್ದಳು. ಆ ಕಾಲದ ಮುಖ್ಯ ಚಿತ್ರಗಳು ಅನೇಕ ಅವಳು ತೆಗೆದವು. ರೀಪ್ಯಾಕಿನಲ್ಲಿ ಹೆಂಗಸರ ದಾಖಲೆಯೂ ಅವಳದೇ. ಚಿತ್ರ ತೋರಿಸಿ ಮಗಳು ಏನೂ ಹೇಳಲಿಲ್ಲ, ನನ್ನ ಮುಖವನ್ನೇ ನೋಡಿದಳು. ಜಾಣೆ.

ಆ ಗುಜರಿ ಸೈಕಲ್ಲುಗಳಲ್ಲಿದ್ದದ್ದು ಆಷ್ಟಬ್ಯೂಲ ನಮೂನೆಯ ಒಂಟಿ ಸರಳಿನ ಕ್ರ್ಯಾಂಕು. ಇಳಿಯುವುದಕ್ಕೆ ಅದು ಸಾಕಿತ್ತು. ಹತ್ತುವುದಕ್ಕೆ ಸಾಲಲಿಲ್ಲ. ಬೆಟ್ಟ ಹತ್ತಲು ಮುಂದೆ ಸಣ್ಣ ಹಲ್ಲುಚಕ್ರ ಬೇಕು, ಬಯಲಿಗೆ ದೊಡ್ಡದು ಬೇಕು. ಆದ್ದರಿಂದ ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಫ್ರೇಮು ಕಟ್ಟಿದಾಗ, 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಇಂಥ ಸೈಕಲ್ಲು ಮಾರಲು ಅಂಗಡಿ ತೆರೆದಾಗ, ಫ್ರಾನ್ಸಿನ ದೂರಪ್ರಯಾಣದ ಸೈಕಲ್ಲುಗಳ ಅಲ್ಯೂಮಿನಿಯಂ ಕ್ರ್ಯಾಂಕು, ಮೂರು ಹಲ್ಲುಚಕ್ರದ್ದು, ಬೆಟ್ಟಕ್ಕೆ ಬಂತು. ರಸ್ತೆಯ ಮೇಲೆ ನೆಮ್ಮದಿಯಾಗಿ ತಿರುಗಲೆಂದು ಮಾಡಿದ್ದನ್ನು ಕಲ್ಲು ಬಂಡೆಯ ಮೇಲೆ ಕುಣಿಸಿದರು. 1982ರಲ್ಲಿ ಜಪಾನಿನ ಶಿಮಾನೋ ಕಂಪನಿ ಬೆಟ್ಟಕ್ಕೆಂದೇ ಡಿಯೋರ್ ಎಕ್ಸ್.ಟಿ. ಎಂಬ ಬಿಡಿಭಾಗಗಳ ಸೆಟ್ಟನ್ನು ತಂದ ಮೇಲೆ ಲೋಕವೆಲ್ಲ ಮೌಂಟನ್ ಬೈಕು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ಕ್ರ್ಯಾಂಕಿನ ಕಷ್ಟ ಗೊತ್ತಾಗುತ್ತದೆ. ಅರುವತ್ತು ಕೆ.ಜಿ. ತೂಕದವರು ಒಂದೇ ಪೆಡಲಿನ ಮೇಲೆ ನಿಂತರೆ, ಕ್ರ್ಯಾಂಕು 170 ಮಿಲಿಮೀಟರು ಉದ್ದ, ಹಲ್ಲುಚಕ್ರ 32 ಹಲ್ಲಿನದಾದರೆ, ಚೈನಿನ ಮೇಲೆ ಬೀಳುವ ಎಳೆತ ನೂರೈವತ್ತು ಕೆ.ಜಿ.ಗೂ ಹೆಚ್ಚು. ನಿಮಿಷಕ್ಕೆ ಅರುವತ್ತು ಸುತ್ತಿನಂತೆ ತುಳಿದರೆ ಗಂಟೆಗೆ ಮೂರು ಸಾವಿರದ ಆರುನೂರು ಸಲ ಒಂದೊಂದು ಕೈಯೂ ಬಾಗಿ ಬಾಗಿ ನೆಟ್ಟಗಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗು, ಆದರೆ ಬಾಗು ಬಾಗೇ.

ಮುರಿದ ತುಂಡನ್ನು ಮಗಳು ಮಂಚದ ಮೇಲೆ ಕೂತು ಭೂತಗನ್ನಡಿಯಲ್ಲಿ ತೋರಿಸಿದಳು. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪು, ನುಣುಪು, ಚಿಪ್ಪಿನ ಮೇಲಿನ ಗೆರೆಗಳಂತೆ ಒಂದರ ಹಿಂದೆ ಒಂದು ಬಾಗಿದ ಗೆರೆ. ಉಳಿದ ಕಾಲು ಭಾಗ ಮಾತ್ರ ಬೆಳ್ಳಗೆ, ಸಂಕ್ರಾಂತಿಯ ಸಕ್ಕರೆ ಅಚ್ಚು ಮುರಿದಂತೆ ಹರಳು ಹರಳು. ಅಂದರೆ ಅದು ಆ ಭಾನುವಾರ ಮುರಿದದ್ದಲ್ಲ. ಪೆಡಲಿನ ತೂತಿನ ಅಂಚಿನಲ್ಲಿ ಎಂದೋ ಕೂದಲೆಳೆಯ ಬಿರುಕು ಶುರುವಾಗಿ, ದಿನದಿನವೂ ಒಳಗೆ ಹರಿದು, ಕಡೆಗೆ ಉಳಿದ ಕಾಲು ಭಾಗ ಅವಳ ಭಾರ ತಾಳಲಾರದೆ ಒಂದೇ ಕ್ಷಣದಲ್ಲಿ ಕೈಬಿಟ್ಟಿತು. ಅಷ್ಟು ದಿನ ಅದು ಟಕ್ ಎಂದಿರಲಿಲ್ಲ. ಎಂದಿದ್ದರೂ ಕೆಸರಿನಲ್ಲಿ, ಟಯರಿನ ಸದ್ದಿನಲ್ಲಿ ಇವಳಿಗೆ ಕೇಳಿರಲಿಲ್ಲ.

ಈ ಬಗೆಯ ಸಾವನ್ನು ಲೋಹದ ದಣಿವು ಎನ್ನುತ್ತಾರೆ. ಇದರ ಚರಿತ್ರೆ ಸೈಕಲ್ಲಿಗಿಂತ ಹಳೆಯದು. 1842ರ ಮೇ ತಿಂಗಳಲ್ಲಿ ವರ್ಸೈಲ್ಸಿನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಆಕ್ಸಲ್ಲು ಮುರಿದು, ಬೆಂಕಿ ಬಿದ್ದು, ಬಾಗಿಲಿಗೆ ಬೀಗ ಹಾಕಿದ ಡಬ್ಬಿಗಳೊಳಗೆ ಐವತ್ತಕ್ಕೂ ಹೆಚ್ಚು ಜನ ಸತ್ತರು. ಭಾರ ಹೊರಲು ಸಾಕಷ್ಟು ದಪ್ಪ ಇದ್ದ ಆಕ್ಸಲ್ಲು ಯಾಕೆ ಮುರಿಯುತ್ತದೆ? ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850ರ ದಶಕದಿಂದ ಮುಂದೆ ಹತ್ತಾರು ವರ್ಷ ಆಕ್ಸಲ್ಲುಗಳನ್ನು ಯಂತ್ರಕ್ಕೆ ಕಟ್ಟಿ ಲಕ್ಷಗಟ್ಟಲೆ ಸಲ ಬಾಗಿಸಿ ಕಂಡುಕೊಂಡ. ಒಂದು ಸಲಕ್ಕೆ ಏನೂ ಮಾಡದ ಭಾರವೇ ಲಕ್ಷ ಸಲಕ್ಕೆ ಕೊಲ್ಲುತ್ತದೆ. ಹೇರ್‌ಪಿನ್ನನ್ನು ಆಚೆ ಈಚೆ ಬಗ್ಗಿಸಿ ಮುರಿಯುವ ನಮಗೆ ಇದು ಗೊತ್ತಿರಬೇಕಿತ್ತು. ಆದರೆ ಅವನು ಇನ್ನೊಂದನ್ನೂ ಕಂಡ. ಕಬ್ಬಿಣ, ಉಕ್ಕುಗಳಿಗೆ ಒಂದು ಮಿತಿ ಇದೆ. ಆ ಮಿತಿಯ ಕೆಳಗಿನ ಭಾರವನ್ನು ಎಷ್ಟು ಸಲ ಹೊರಿಸಿದರೂ ಅವು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಖಚಿತ ಮಿತಿ ಇಲ್ಲವೆಂದು ನಂತರ ತಿಳಿಯಿತು. ಅದಕ್ಕೆ ಸಣ್ಣ ಭಾರವೂ ಲೆಕ್ಕಕ್ಕೆ ಜಮೆಯಾಗುತ್ತಲೇ ಹೋಗುತ್ತದೆ. ಅದಕ್ಕೇ ಅಲ್ಯೂಮಿನಿಯಂ ಕ್ರ್ಯಾಂಕನ್ನು ಬೇಕಾದ್ದಕ್ಕಿಂತ ದಪ್ಪ ಮಾಡಬೇಕು, ಎರಕ ಹೊಯ್ಯದೆ ಕುಟ್ಟಿ ಮಾಡಬೇಕು, ಚೂಪು ಮೂಲೆ ಬಿಡಬಾರದು. ಬಿರುಕು ಹುಟ್ಟುವುದು ಯಾವಾಗಲೂ ತೂತಿನ ಅಂಚಿನಲ್ಲಿ, ಮೂಲೆಯಲ್ಲಿ, ಕಲ್ಲು ತಾಗಿದ ಗೀರಿನಲ್ಲಿ.

ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿವೆ. 1997ರಲ್ಲಿ ಶಿಮಾನೋ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ಲುಗಳ ಕ್ರ್ಯಾಂಕನ್ನು ವಾಪಸು ಕರೆಯಿತು, ಕೈ ಮುರಿಯುತ್ತಿದೆಯೆಂದು. ಮಗಳು ಬೀಳುವ ಕೆಲವೇ ದಿನ ಮೊದಲು, 2023ರ ಸೆಪ್ಟೆಂಬರಿನಲ್ಲಿ, ಅದೇ ಕಂಪನಿ ರಸ್ತೆ ಸೈಕಲ್ಲುಗಳ ಟೊಳ್ಳು ಕ್ರ್ಯಾಂಕುಗಳನ್ನು ತಪಾಸಣೆಗೆ ತನ್ನಿ ಎಂದು ಕರೆಕೊಟ್ಟಿತು. ಅಮೆರಿಕವೊಂದರಲ್ಲೇ ಸುಮಾರು 6,80,000. ಎರಡು ಅಲ್ಯೂಮಿನಿಯಂ ಭಾಗಗಳನ್ನು ಅಂಟಿಸಿ ಮಾಡಿದ ಕೈ, ಅಂಟು ಬಿಟ್ಟು ಕಳಚಿಕೊಳ್ಳುತ್ತಿತ್ತು. ಮಗಳದ್ದು ಆ ಕಂಪನಿಯದಲ್ಲ, ಆ ಬಗೆಯದೂ ಅಲ್ಲ. ಆದರೂ ಓದಿ ನನ್ನ ಎದೆ ಡವಡವ ಎಂದಿತು. ತಪ್ಪು ಒಪ್ಪಿಕೊಂಡು ಕರೆದರಲ್ಲ, ಅಷ್ಟಾದರೂ ಮಾಡಿದರು ಎಂದಳು ಮಗಳು. ಅದೂ ನಿಜ.

ಈ ನಡುವೆ ಕೀಲಿನ ಕಥೆ ಮುಂದುವರಿದಿತ್ತು. ಸಣ್ಣ ಸೈಕಲ್ಲಿನಲ್ಲಿ ಗಾಳಿಗೆ ಹಾರಿ ನೆಲಕ್ಕೆ ಅಪ್ಪಳಿಸುವ ಬಿ.ಎಂ.ಎಕ್ಸ್. ಹುಡುಗರು ಚೌಕ ಕೀಲನ್ನೂ ತೆಳು ಆಕ್ಸಲ್ಲನ್ನೂ ಮುರಿಯುತ್ತಿದ್ದರು. ಅವರಿಗಾಗಿ ಅಮೆರಿಕದ ಸಣ್ಣ ಕಾರ್ಖಾನೆಗಳು ಕ್ರೋಮ್ ಉಕ್ಕಿನ ಕೊಳವೆಯಿಂದ ಕ್ರ್ಯಾಂಕು ಮಾಡಿದವು. ಆಕ್ಸಲ್ಲೂ ಸರಳಲ್ಲ, ದಪ್ಪನೆಯ ಕೊಳವೆ. ಅಷ್ಟೇ ತೂಕದ ಉಕ್ಕನ್ನು ಸರಳಾಗಿ ಎಳೆಯುವ ಬದಲು ಅಗಲ ಕೊಳವೆಯಾಗಿ ಮಾಡಿದರೆ ತಿರುಚುವುದು ಕಷ್ಟ. ಹುಲ್ಲುಗರಿಯಿಂದ ಬಿದಿರಿನವರೆಗೆ ಇದು ಗೊತ್ತಿರುವ ವಿದ್ಯೆ. ಅದೇ ಬುದ್ಧಿಯನ್ನು 2003ರಲ್ಲಿ ಶಿಮಾನೋ ತನ್ನ ಮೇಲ್ದರ್ಜೆಯ ಬೆಟ್ಟದ ಕ್ರ್ಯಾಂಕಿಗೆ ತಂದಿತು. 24 ಮಿಲಿಮೀಟರಿನ ಟೊಳ್ಳು ಉಕ್ಕಿನ ಆಕ್ಸಲ್ಲು ಬಲಗೈಗೆ ಖಾಯಂ ಕೂಡಿಕೊಂಡಿರುತ್ತದೆ. ಎಡಗೈ ಹಲ್ಲುಹಲ್ಲಾಗಿ ಅದರ ಮೇಲೆ ಕೂತು, ಎರಡು ಬೋಲ್ಟುಗಳಿಂದ ಬಳೆಯಂತೆ ಅಪ್ಪಿ ಹಿಡಿಯುತ್ತದೆ. ಕೀಲುಗಳು ಎರಡಿದ್ದದ್ದು ಒಂದಾಯಿತು. ಬೇರಿಂಗು ಫ್ರೇಮಿನ ಹೊರಗೆ ಬಂತು. 2012ರಲ್ಲಿ ಸ್ರ್ಯಾಮ್ ಎಂಬ ಅಮೆರಿಕದ ಕಂಪನಿ ಮುಂದಿನ ಮೂರು ಹಲ್ಲುಚಕ್ರಗಳ ಜಾಗದಲ್ಲಿ ಒಂದೇ ಸಾಕೆಂದು, ಗೇರುಗಳನ್ನೆಲ್ಲ ಹಿಂದಕ್ಕೆ ಸರಿಸಿತು. ಚೈನು ಹಾರದಂತೆ ಒಂದು ಹಲ್ಲು ದಪ್ಪ, ಒಂದು ಹಲ್ಲು ಸಪೂರ. ಈ ಬದಲಾವಣೆ ಬಂದ ಮೇಲೆ ಕ್ರ್ಯಾಂಕು ಮತ್ತೆ ಹಳೇ ಸೈಕಲ್ಲಿನಂತೆಯೇ ಕಾಣುತ್ತದೆ, ಎರಡು ಕೈ, ಒಂದು ಚಕ್ರ.

ಇಷ್ಟೆಲ್ಲ ಆದ ಮೇಲೆ ಆಯ್ಕೆಗೆ ಕೂತೆವು. ಮಗಳ ಮನಸ್ಸು ಕಾರ್ಬನ್ ಕ್ರ್ಯಾಂಕಿನ ಮೇಲಿತ್ತು. ಕಾಲು ಕೆ.ಜಿ. ಹಗುರ ಎಂದಳು. ಬೆಳಿಗ್ಗೆ ಎರಡು ದೋಸೆ ಕಡಿಮೆ ತಿಂದರೆ ಅಷ್ಟು ಉಳಿಯುತ್ತದೆ ಎಂದೆ. ಕಾರ್ಬನ್ ದಣಿಯುವುದಿಲ್ಲ ಎಂದಳು. ಕಲ್ಲು ತಾಗಿದರೆ? ತುದಿಗೆ ರಬ್ಬರಿನ ಟೊಪ್ಪಿ ಹಾಕುತ್ತಾರಂತೆ. ಟೊಪ್ಪಿ ಹಾಕಿ ಕಾಪಾಡಬೇಕಾದ್ದನ್ನು ನಮ್ಮ ಕಾಡಿಗೆ ಕಳಿಸಲು ನಾನು ಒಪ್ಪಲಿಲ್ಲ. ಉಕ್ಕಿನ ಕೊಳವೆಯದು ನನಗೆ ಇಷ್ಟವಾಗಿತ್ತು. ಆದರೆ ಅದು ಅವಳ ಫ್ರೇಮಿಗೆ ಒಗ್ಗುವಂಥದು ನಮ್ಮ ಕಡೆ ಸಿಗುವಂತಿರಲಿಲ್ಲ. ಮುರಿದರೆ, ಸವೆದರೆ, ಬೇರಿಂಗೋ ಬೋಲ್ಟೋ ಎಲ್ಲಿಂದ ತರುವುದು? ಶಿರಸಿಯ ಮಳೆಗೆ ಎಂಥ ಬೇರಿಂಗೂ ಎರಡು ಮಳೆಗಾಲ ದಾಟುವುದು ಕಷ್ಟ. ಹುಬ್ಬಳ್ಳಿಯಲ್ಲಾದರೂ ಸಿಗುವಂಥದಾಗಿರಬೇಕು ಎಂಬುದು ನನ್ನ ಷರತ್ತು. ಕೊನೆಗೆ ಕುಟ್ಟಿ ಮಾಡಿದ, ಅಂಟಿಸದ ಅಲ್ಯೂಮಿನಿಯಂ ಕೈ, 24 ಮಿಲಿಮೀಟರಿನ ಉಕ್ಕಿನ ಆಕ್ಸಲ್ಲು, ಬೇಕೆಂದಾಗ ಬೇರೆ ಹಾಕಬಹುದಾದ ಒಂಟಿ ಹಲ್ಲುಚಕ್ರ ಎಂದು ನಿಷ್ಕರ್ಷೆಯಾಯಿತು. ಉದ್ದ 170 ಬೇಡ, 165 ಸಾಕು, ಕಲ್ಲಿಗೆ ಕಡಿಮೆ ತಾಗುತ್ತದೆ, ನನ್ನ ಮಗಳು ಎತ್ತರದವಳೂ ಅಲ್ಲ. ಬೆಲೆ ಕೇಳಿ ನನ್ನ ತಲೆ ಗಿರ್ರೆಂದಿತು. ಒಂದು ತಿಂಗಳ ಹಾಲು, ತರಕಾರಿ, ಕರೆಂಟು ಬಿಲ್ಲು ಸೇರಿಸಿದರೂ ಸಾಲದು. ಮಾತು ಕೊಟ್ಟಾಗಿತ್ತು.

ಕೂರಿಸಲು ಅದೇ ಸೈಕಲ್ ಶಾಪಿಗೆ ಹೋದೆವು. ಸಾಬರು ಈಗಿಲ್ಲ. ಮಗ ನಡೆಸುತ್ತಾನೆ, ನನ್ನ ಹತ್ತಿರ ಓದಿದವನು. ಸುತ್ತಿಗೆಯ ಜಾಗದಲ್ಲಿ ಅವನ ಬಳಿ ಎಷ್ಟು ಬಿಗಿಯಿತೆಂದು ಅಂಕಿಯಲ್ಲಿ ತೋರಿಸುವ ಸ್ಪ್ಯಾನರ್ ಇದೆ. ಎಡಗೈಯ ಎರಡು ಬೋಲ್ಟುಗಳನ್ನು ಒಂದನ್ನು ತುಸು, ಇನ್ನೊಂದನ್ನು ತುಸು, ಮತ್ತೆ ಮೊದಲನೆಯದನ್ನು ತುಸು, ಹೀಗೆ ಸರದಿಯಲ್ಲಿ ಬಿಗಿದ. ಎಡ ಪೆಡಲನ್ನು ಅವನು ಉಲ್ಟಾ ತಿರುಗಿಸಿ ಹಾಕಿದ್ದನ್ನು ನೋಡಿ ನಾನು ತಡೆಯಲು ಹೋದೆ. "ಇಲ್ಲ ಟೀಚರ್, ಎಡದ್ದು ಉಲ್ಟಾ ಮರೆಯೇ. ಇಲ್ದಿದ್ರೆ ತುಳೀತಾ ತುಳೀತಾ ಬಿಚ್ಚಿ ಹೋಗ್ತದೆ" ಎಂದ. ವಿಮಾನ ಹಾರಿಸಿದ ರೈಟ್ ಸಹೋದರರು ಸೈಕಲ್ಲು ಮಾಡುತ್ತಿದ್ದಾಗ, 1900ರಲ್ಲಿ, ತಮ್ಮ ಪೆಡಲುಗಳಿಗೆ ಎಡಗಡೆ ಎಡಮರೆ, ಬಲಗಡೆ ಬಲಮರೆ ಇದೆಯೆಂದು ಜಾಹೀರು ಮಾಡಿದ್ದರು. ನಾನು ಅದನ್ನು ಹಿಂದಿನ ವಾರವಷ್ಟೇ ಓದಿದ್ದೆ. ಓದಿಯೂ ಕಣ್ಣೆದುರು ನಡೆದಾಗ ಹೊಳೆಯಲಿಲ್ಲ. ಹುಡುಗ ನಗಲಿಲ್ಲ, ತಂದೆಯ ಹಾಗೆ.

"ಐವತ್ತು ಕಿಲೋಮೀಟರು ಹೊಡೆದು ತನ್ನಿ, ಮತ್ತೆ ಬಿಗಿ ನೋಡ್ಬೇಕು. ಆಮೇಲೆ ಪ್ರತಿ ಸಲ ಕೆಸರು ತೊಳೆದು ಬಟ್ಟೆಯಲ್ಲಿ ಒರೆಸಿ ಪೆಡಲಿನ ಬುಡ ನೋಡಿ" ಎಂದು ಮಗಳಿಗೆ ಹೇಳಿದ. ಹಳೆಯ ಸೈಕಲ್ಲನ್ನು ಇವಳು ತೊಳೆಯುತ್ತಲೇ ಇರಲಿಲ್ಲ. ಕೆಸರು ಮೌಂಟನ್ ಬೈಕಿನ ಅಲಂಕಾರ ಎಂಬುದು ಅವಳ ಸಿದ್ಧಾಂತವಾಗಿತ್ತು.

ಈಗ ಭಾನುವಾರ ಹನ್ನೊಂದು ಗಂಟೆಗೆ ಅವಳು ಹಿತ್ತಿಲ ನಲ್ಲಿಯ ಬಳಿ ಸೈಕಲ್ಲು ತೊಳೆದು ನಿಲ್ಲಿಸುತ್ತಾಳೆ. ನಾನು ನನ್ನ ಹಳೆಯ ವಾಯಿಲ್ ಸೀರೆಯ ತುಂಡು ಹಿಡಿದು ಹೋಗಿ, ಕನ್ನಡಕ ಏರಿಸಿ, ಎರಡೂ ಪೆಡಲಿನ ಬುಡವನ್ನು ಸುತ್ತಲೂ ಒರೆಸಿ ನೋಡುತ್ತೇನೆ. ಆಮೇಲೆ ಎಡಗೈಯನ್ನು ಹಿಡಿದು ಆಚೆ ಈಚೆ ಅಲ್ಲಾಡಿಸಿ ಕಿವಿಗೊಡುತ್ತೇನೆ. "ಅಮ್ಮ, ಅದು ಟಕ್ ಅನ್ನೋ ನಮೂನೆ ಅಲ್ಲ" ಎನ್ನುತ್ತಾಳೆ ಮಗಳು. ಇರಲಿ, ನೋಡುತ್ತೇನೆ.